ಪಾಮ್ ಸ್ಪ್ರಿಂಗ್ಸ್‌ಗೆ ಹೊರಟ್ರಾ?

ಕ್ಯಾಲಿಫೋರ್ನಿಯಾದ ಮರುಭೂಮಿ ಊರು ಪಾಮ್ ಸ್ಪ್ರಿಂಗ್ಸ್. 2017ರ ಚುನಾವಣೆ ಮುಗಿದಾಗ ಇಲ್ಲಿನ ನಗರಸಭೆಯ ಐವರೂ ಎಲ್‌ಜಿಬಿಟಿಕ್ಯೂ ಸಮುದಾಯದವರೇ! ಇಬ್ಬರು ಗಂಡಸರು ಕೈ ಹಿಡಿದು ನಡೆಯೋದು ಇಲ್ಲಿ ಮಾಮೂಲು.

ಹೆದರಬೇಕಾದ್ದು ಬಿಸಿಲಿಗೆ. 2024ರ ಜುಲೈ 5ರಂದು 51 ಡಿಗ್ರಿ ಮುಟ್ಟಿತ್ತು. ಗಾಳಿ ಎಷ್ಟು ಒಣ ಅಂದ್ರೆ ಬೆವರಿದ್ದೇ ಗೊತ್ತಾಗಲ್ಲ, ಅಷ್ಟರಲ್ಲಿ ತಲೆ ಸುತ್ತುತ್ತೆ. ಈಜುಕೊಳದ ಪಕ್ಕ ಮಧ್ಯಾಹ್ನವೇ ಕಾಕ್‌ಟೇಲ್ ಶುರುವಾದ್ರೆ, ಪ್ರತಿ ಗ್ಲಾಸಿಗೂ ಒಂದು ಲೋಟ ನೀರು. ಹತ್ತಿರದ ಜೋಶುವಾ ಟ್ರೀ ಉದ್ಯಾನಕ್ಕೆ ಹೋಗೋರು ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ. ಒಳಗೆ ಬಹುತೇಕ ಕಡೆ ಸಿಗ್ನಲ್ ಇರಲ್ಲ.

ರಾತ್ರಿ ಅರೀನಾಸ್ ರಸ್ತೆಯ ಬಾರ್‌ಗಳು. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವರನ್ನ ಮೊದಲು ಇಲ್ಲೇ, ಜನರ ನಡುವೆ ಭೇಟಿಯಾಗಿ. ಲೊಕೇಶನ್ ಗೆಳೆಯರಿಗೆ ಕಳಿಸಿ. ಒಳ್ಳೆಯ ಊರಲ್ಲೂ ಕಳ್ಳರಿರ್ತಾರೆ, ಸ್ವಾಮಿ!

ನೀವೂ ಎಲ್‌ಜಿಬಿಟಿಕ್ಯೂ ಅಂತ ಮನೆಯವರಿಗೆ ಇನ್ನೂ ಹೇಳಿಲ್ವಾ? ಹಾಗಾದ್ರೆ ಸ್ಟೋರಿ ಯಾರ್‍ಯಾರಿಗೆ ಕಾಣುತ್ತೆ ಅಂತ ನೋಡ್ಕೊಂಡು ಫೋಟೊ ಹಾಕಿ. ತುರ್ತು ಬಿದ್ರೆ 911.