ಚೆನ್ನಾಗಿರುವ ಕಣ್ಣಿನ ಮೇಲೂ ಒಂದು ಕಣ್ಣಿರಲಿ

ಕಣ್ಣು ಎರಡಾದರೂ ನೋಟ ಒಂದೇ. ಈ ಕಾರಣದಿಂದಲೇ ಒಂದು ಕಣ್ಣಿನ ಅಕ್ಷಿಪಟಲ, ಅಂದರೆ ರೆಟಿನಾ, ಕೆಟ್ಟರೂ ಎಷ್ಟೋ ದಿನ ನಮ್ಮ ಅರಿವಿಗೆ ಬರುವುದಿಲ್ಲ. ಅದರ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಬಿಡುತ್ತದೆ. ಅಕ್ಷಿಪಟಲಕ್ಕೆ ನೋವೂ ತಿಳಿಯದು. ಕಣ್ಣು ಕೆಂಪಾಗದೆ, ನೀರೂರದೆ ದೃಷ್ಟಿ ಕುಂದುತ್ತ ಹೋಗುತ್ತದೆ.

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಜಿಲ್ಲೆ ಯಾವುದಾದರೇನು, ತೆಲಿಗಿಯವರಿಗೆ ಹತ್ತಿರದ ದೊಡ್ಡ ಊರು ಇಂದಿಗೂ ದಾವಣಗೆರೆಯೇ. ಅಲ್ಲಿಗೂ ಮೀರಿದರೆ ಹುಬ್ಬಳ್ಳಿ, ಇಲ್ಲವೇ ಬೆಂಗಳೂರಿನ ಮಿಂಟೋ ಆಸ್ಪತ್ರೆ. ಒಂದು ದಿನದ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹೋದವರಿಗೆ ‘ಈ ಕಣ್ಣು ಇನ್ನು ಸುಧಾರಿಸದು’ ಎಂಬ ಮಾತು ಕೇಳಿಬಂದರೆ, ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ವ್ಯರ್ಥವೆನಿಸುವುದು ಸಹಜ. ನಮ್ಮ ಆತಂಕವೂ ಅದೇ. ಅಂದಿನಿಂದ ಕಾಯಬೇಕಾದದ್ದು ಉಳಿದ ಕಣ್ಣನ್ನು.

ಏಕೆಂದರೆ ರೋಗ ತೋರಿದ್ದು ಒಂದು ಕಣ್ಣಿನಲ್ಲಾದರೂ ಅದರ ಬೇರು ಹಲವು ವೇಳೆ ಇಡೀ ದೇಹದಲ್ಲಿರುತ್ತದೆ. ಅಕ್ಷಿಪಟಲದ ರಕ್ತನಾಳ ಕಟ್ಟಿಕೊಂಡವರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಸಾಮಾನ್ಯ. ಇವು ಎರಡು ಕಣ್ಣುಗಳಿಗೂ ಶತ್ರು. ವಯಸ್ಸಾದಂತೆ ಅಕ್ಷಿಪಟಲದ ನಡುಭಾಗ ಸವೆಯುವ ರೋಗ ಒಂದು ಕಣ್ಣಿನಲ್ಲಿ ಉಲ್ಬಣಿಸಿದರೆ ಇನ್ನೊಂದಕ್ಕೂ ಅಪಾಯ ಹೆಚ್ಚು. ಇಂಥವರಿಗೆ ಕೆಲವು ಜೀವಸತ್ವ ಹಾಗೂ ಸತುವಿನ ಮಾತ್ರೆಗಳು ಆ ಅಪಾಯವನ್ನು ಐದು ವರ್ಷಗಳಲ್ಲಿ ಸುಮಾರು ಕಾಲು ಭಾಗದಷ್ಟು ತಗ್ಗಿಸುತ್ತವೆಂದು 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಆದರೆ ಅದರಲ್ಲಿದ್ದ ಬೀಟಾ ಕ್ಯಾರೋಟಿನ್ ಬೀಡಿ, ಸಿಗರೇಟು ಸೇದುವವರಿಗೆ ಒಳ್ಳೆಯದಲ್ಲ. ಆದ್ದರಿಂದ ವೈದ್ಯರನ್ನು ಕೇಳದೆ ಅಂಗಡಿಯಿಂದ ಮಾತ್ರೆ ತರಬಾರದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಮಾರ್ಕ್ ಆಮ್ಸ್ಲರ್ ಅವರ ಹೆಸರಿನ ಚೌಕಳಿ ಹಾಳೆಯಿದು: ಹತ್ತು ಸೆಂಟಿಮೀಟರ್ ಚೌಕ, ಅದರೊಳಗೆ ನಾನೂರು ಪುಟ್ಟ ಮನೆಗಳು, ನಡುವೆ ಒಂದು ಚುಕ್ಕೆ. ಓದುವ ಕನ್ನಡಕ ಧರಿಸಿ, ಒಂದಡಿ ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ನೋಡಬೇಕು. ನೇರ ಗೆರೆ ಡೊಂಕಾಗಿ ಕಂಡರೆ, ಕೆಲವು ಮನೆಗಳು ಮಾಸಿದರೆ ತಡಮಾಡಬಾರದು. ಹಾಳೆ ಸಿಗದವರಿಗೆ ಗೋಡೆಯ ಕ್ಯಾಲೆಂಡರಿನ ಚೌಕಗಳಿವೆ, ಕಿಟಕಿಯ ಸರಳುಗಳಿವೆ. ಬೆಳಗಿನ ಪ್ರಾರ್ಥನೆಯ ಬಳಿಕ ಅರೆ ನಿಮಿಷ ಸಾಕು. ಎರಡೂ ಕಣ್ಣು ತೆರೆದು ನೋಡಿದರೆ ಮಾತ್ರ ಪ್ರಯೋಜನವಿಲ್ಲ.

ಈ ಹಾಳೆ ಎಲ್ಲವನ್ನೂ ಹೇಳದು. ಒಂದು ಕಣ್ಣಿನ ಅಕ್ಷಿಪಟಲ ಕಳಚಿದವರಿಗೆ, ಅದರಲ್ಲೂ ದೂರದೃಷ್ಟಿ ತೀರಾ ಮಂದವಾಗಿದ್ದು ದಪ್ಪ ಕನ್ನಡಕ ಹಾಕುವವರಿಗೆ, ಇನ್ನೊಂದರ ಅಂಚಿನಲ್ಲೂ ಹರಕು ಮೂಡಬಹುದು. ಆಗಲೇ ಕಂಡರೆ ಲೇಸರ್ ಕಿರಣದಿಂದ ಬೆಸೆಯಬಹುದು. ಮಿಂಚು ಹೊಳೆದಂತಾಗುವುದು, ಕಪ್ಪು ಚುಕ್ಕೆಗಳು ಒಮ್ಮೆಲೇ ಉದುರಿದಂತೆ ಕಾಣುವುದು, ಬದಿಯಿಂದ ಪರದೆ ಇಳಿದಂತಾಗುವುದು: ಇವುಗಳಲ್ಲಿ ಒಂದು ಕಂಡರೂ ಸಂತೆ ಮುಗಿಯಲಿ, ಹಬ್ಬ ಕಳೆಯಲಿ ಎನ್ನದೆ ಅಂದೇ ಹೊರಡಬೇಕು.

ತೊಂದರೆ ಇಲ್ಲದಿದ್ದರೂ ವೈದ್ಯರು ಹೇಳಿದ ಅವಧಿಗೆ, ಕನಿಷ್ಠ ವರ್ಷಕ್ಕೊಮ್ಮೆ, ಔಷಧಿ ಬಿಟ್ಟು ಪಾಪೆ ಹಿಗ್ಗಿಸಿ ಎರಡೂ ಕಣ್ಣುಗಳನ್ನು ನೋಡಿಸಬೇಕು. ಕಣ್ಣಿನ ರೋಗಿಗಳ ಪಾಲಕಿಯಾದ ಸಂತ ಲೂಸಿಯ ಹಬ್ಬ ಡಿಸೆಂಬರ್ 13ರಂದು. ನಮ್ಮ ಕುಟುಂಬಗಳು ಆ ದಿನವನ್ನೇ ಗುರುತಿಟ್ಟುಕೊಂಡರೆ ಮರೆವಿಗೆ ಅವಕಾಶವಿರದು. ಔಷಧಿ ಬಿಟ್ಟ ಮೇಲೆ ಕೆಲವು ತಾಸು ಮಂಜಾಗಿ ಕಾಣುವುದರಿಂದ ಬೈಕು ಓಡಿಸಬಾರದು. ಇನ್ನು ಮೆಕ್ಕೆಜೋಳ ಬಿಡಿಸುವ ಯಂತ್ರದ ಮುಂದೆ ನಿಲ್ಲುವಾಗ, ಒಂದೇ ಕಣ್ಣಿನ ನೋಟ ಉಳಿದವರು ಒಡೆಯದ ಗಟ್ಟಿ ಕನ್ನಡಕ ಧರಿಸಲೇಬೇಕು.