ಬಣ್ಣ ಬದಲಾದ ನಾಣ್ಯ ಖೋಟಾ ಅಲ್ಲ!

ವಿಡಿಯೋ ನೋಡೋಕೆ ಟೈಮ್ ಸಿಗದವರಿಗಾಗಿ ಇವತ್ತಿನ ಮಾತು ಇಲ್ಲಿ ಬರಹದಲ್ಲಿದೆ.

ಕೂಕಟ್‌ಪಲ್ಲಿಯಲ್ಲಿ ಇರೋ ನಮ್ಮವರಿಗೆ ಇದು ಹೊಸದಲ್ಲ. ಅಂಗಡಿಯಲ್ಲಿ ಹತ್ತು ರೂಪಾಯಿ ನಾಣ್ಯ ಕೊಟ್ಟರೆ "ಇದಿ ಚೆಲ್ಲದಂಡಿ" ಅಂತ ವಾಪಸ್ ಬರುತ್ತೆ. ಬಣ್ಣ ಮಾಸಿದ್ದರಂತೂ ಮುಗೀತು, ಖೋಟಾ ಅಂತಲೇ ಲೆಕ್ಕ. ಆದರೆ ಬಣ್ಣ ಬದಲಾಗೋದು ಲೋಹದ ಗುಣ.

ಹತ್ತರ ನಾಣ್ಯದ ಹೊರಗಿನ ಬಳೆ ಅಲ್ಯೂಮಿನಿಯಂ ಕಂಚು, ಅದರಲ್ಲಿ 92% ತಾಮ್ರ. 2009ರಿಂದ ಬಂದ ಹಳದಿ ಐದರ ನಾಣ್ಯದಲ್ಲಿ 75% ತಾಮ್ರ, 20% ಸತು, 5% ನಿಕ್ಕಲ್. ತಮಾಷೆ ನೋಡಿ, ಹಳೇ ದಪ್ಪ ಐದರ ನಾಣ್ಯದಲ್ಲೂ ತಾಮ್ರ 75%ಯೇ! ಉಳಿದ 25% ನಿಕ್ಕಲ್ ಆಗಿದ್ದರಿಂದ ಅದು ಬೆಳ್ಳಗೆ ಕಾಣುತ್ತೆ.

ತಾಮ್ರ ಇದ್ದಲ್ಲಿ ಗಾಳಿಯ ಆಮ್ಲಜನಕ ತಾಗಿ ಕಂದು ಪದರ ಕಟ್ಟುತ್ತೆ. ಬೆವರಿನ ಉಪ್ಪು, ತೇವ ಸೇರಿದರೆ ಹಸಿರು ಕಿಲುಬು. ಒಂದೇ ವರ್ಷದ ಎರಡು ನಾಣ್ಯ, ಒಂದು ಡಬ್ಬಿಯಲ್ಲಿ, ಇನ್ನೊಂದು ಜೇಬಿನಲ್ಲಿ ಇದ್ದರೆ ಬಣ್ಣ ಬೇರೆ ಆಗದೆ ಇರುತ್ತಾ? ಸ್ಟೀಲಿನ ಒಂದು ರೂಪಾಯಿ ಮಾತ್ರ ಹಾಗೇ ಇರುತ್ತೆ, ಅದರಲ್ಲಿರೋ 17% ಕ್ರೋಮಿಯಂ ಕಣ್ಣಿಗೆ ಕಾಣದ ಕವಚ ಹಾಕಿರುತ್ತೆ.

ಅಂಗಡಿಯವರಿಗೆ ಏನು ಹೇಳೋದು? 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್, ಅಲ್ಲಿಯವರೆಗೆ ಬಂದ ಹತ್ತರ ನಾಣ್ಯದ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯ ಅಂತ ಸ್ಪಷ್ಟಪಡಿಸಿದೆ. ಇಸವಿಯ ಕೆಳಗೆ ಪುಟ್ಟ ನಕ್ಷತ್ರ ಇದ್ದರೆ ಅದು ಹೈದರಾಬಾದ್ ಟಂಕಸಾಲೆಯದ್ದೇ ಅಂತಲೂ ತೋರಿಸಿ. 1903ರಲ್ಲಿ ಸೈಫಾಬಾದಿನಲ್ಲಿ ಶುರುವಾದ ಆ ಟಂಕಸಾಲೆ ಈಗ ಚೆರ್ಲಪಲ್ಲಿಯಲ್ಲಿದೆ.

ಇನ್ನು ಬೆಳ್ಳಿ. ಬೀದರ್, ಕಲಬುರಗಿ, ರಾಯಚೂರು ಕಡೆಯವರ ಮನೆಯಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿ ನಿಜಾಮರ ಕಾಲದ ಚಾರ್‌ಮಿನಾರ್ ರೂಪಾಯಿ ಇರಬಹುದು. ಹಳೆಯದರಲ್ಲಿ ಸುಮಾರು 82% ಬೆಳ್ಳಿ, 1940ರ ದಶಕದಲ್ಲಿ ಅದು 50%ಗೆ ಇಳಿಯಿತು. ಗಾಳಿಯಲ್ಲಿರೋ ಗಂಧಕ ಬೆಳ್ಳಿಗೆ ತಾಗಿದರೆ ತೆಳು ಪದರ ಬರುತ್ತೆ. ಮಳೆ ನೀರಿನ ಮೇಲೆ ಪೆಟ್ರೋಲ್ ಬಿದ್ದಾಗ ಕಾಣೋ ಹಾಗೆ, ಪದರದ ದಪ್ಪಕ್ಕೆ ತಕ್ಕಂತೆ ಹಳದಿ, ಕೆಂಪು, ನೀಲಿ, ಕೊನೆಗೆ ಕಪ್ಪು. ಸಂಗ್ರಾಹಕರು ಇದನ್ನೇ ಟೋನಿಂಗ್ ಅನ್ನೋದು. ನೈಸರ್ಗಿಕವಾಗಿ ಚೆನ್ನಾಗಿ ಬಂದಿದ್ದರೆ ಅದಕ್ಕೆ ಬೆಲೆ ಜಾಸ್ತಿ.

ವರಮಹಾಲಕ್ಷ್ಮಿ ಹಬ್ಬಕ್ಕೆ ಪೂಜೆಗೆ ಇಡಬೇಕು ಅಂತ ನಾವು ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಾಕಿ ಉಜ್ಜುತ್ತೀವಲ್ಲ, ಪೆಟ್ಟು ಬೀಳೋದು ಅಲ್ಲೇ. ಕಪ್ಪು ಹೋಗುತ್ತೆ, ಅದರ ಜೊತೆ ಅಕ್ಷರದ ಅಂಚೂ ಸವೆಯುತ್ತೆ, ಸಣ್ಣ ಗೀರುಗಳು ಉಳಿಯುತ್ತವೆ. ಗೀರು ಬಿದ್ದ ಮೇಲೆ ಮತ್ತೆ ಮೊದಲಿನಂತೆ ಮಾಡೋಕೆ ಆಗಲ್ಲ. ಕೊಳ್ಳೋವಾಗ ನುರಿತವರು ಮೊದಲು ನೋಡೋದೇ ಅದನ್ನ.

ಪೂಜೆಗೆ ಅಂತ ಹೊಸ ಬೆಳ್ಳಿ ನಾಣ್ಯ ಬೇರೆ ಇಟ್ಟುಕೊಳ್ಳಿ, ಅದನ್ನ ಎಷ್ಟು ಬೇಕಾದರೂ ಉಜ್ಜಿ. ಹಳೆಯದನ್ನ ಅಂಚು ಹಿಡಿದು ಎತ್ತಿ, ಒಣ ಜಾಗದಲ್ಲಿ ಇಡಿ. ರಬ್ಬರ್ ಬ್ಯಾಂಡ್ ಬೇಡವೇ ಬೇಡ, ಅದರಲ್ಲೂ ಗಂಧಕ ಇದೆ. ಈ ಸಲ ಊರಿಗೆ ಹೋದಾಗ ಮನೆಯಲ್ಲಿ ಇಷ್ಟು ಹೇಳಿ ಬನ್ನಿ. ಮತ್ತೆ ಸಿಗೋಣ.