ಗಾಯದ ಕಲೆಗಳನ್ನು ಮರೆಮಾಚುವ ವೈದ್ಯಕೀಯ ಹಚ್ಚೆ: ಸಾರ್ವಜನಿಕರಿಗೆ ಮಾಹಿತಿ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಕಬ್ಬು ಬೆಳೆಯುವ ಪ್ರದೇಶಗಳಾಗಿವೆ. ಗಾಣದ ಮನೆಯ ಕುದಿಯುವ ಪಾಕ, ಅಡುಗೆಯ ಒಲೆ, ರಸ್ತೆ ಅಪಘಾತ ಮುಂತಾದವುಗಳಿಂದ ಆದ ಗಾಯವು ಮಾಗಿದ ನಂತರವೂ ಕಲೆ ಉಳಿಯುತ್ತದೆ. ಮುಖ ಹಾಗೂ ಕೈಗಳ ಮೇಲಿನ ಕಲೆಯು ಮದುವೆ, ಉದ್ಯೋಗ ಮುಂತಾದ ಸಂದರ್ಭಗಳಲ್ಲಿ ಸಂಕೋಚಕ್ಕೆ ಕಾರಣವಾಗುವುದುಂಟು. ಇಂತಹ ಕಲೆಗಳನ್ನು ಕಡಿಮೆ ಎದ್ದು ಕಾಣುವಂತೆ ಮಾಡಲು ವೈದ್ಯಕೀಯ ಹಚ್ಚೆ ಒಂದು ವಿಧಾನವಾಗಿದೆ.

ವಿಧಾನ

ಬಿಳಿಚಿದ ಕಲೆಯಲ್ಲಿ ಚರ್ಮಕ್ಕೆ ಬಣ್ಣ ನೀಡುವ ಮೆಲನಿನ್ ಅಂಶವು ಕಡಿಮೆಯಿರುತ್ತದೆ. ಸುತ್ತಲಿನ ಚರ್ಮಕ್ಕೆ ಹೊಂದುವ ಬಣ್ಣವನ್ನು ಸೂಕ್ಷ್ಮ ಸೂಜಿಗಳಿಂದ ಚರ್ಮದ ಒಳಪದರದಲ್ಲಿ ಸೇರಿಸಲಾಗುತ್ತದೆ. ಈ ಬಣ್ಣಗಳಲ್ಲಿ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಇರುತ್ತವೆ. ಹಚ್ಚೆಯು ಬಣ್ಣವನ್ನು ಮಾತ್ರ ಹೊಂದಿಸುತ್ತದೆ, ಉಬ್ಬುತಗ್ಗುಗಳನ್ನು ಸರಿಪಡಿಸುವುದಿಲ್ಲ. ಕಾಲಕ್ರಮೇಣ ಬಣ್ಣ ಮಾಸುವುದರಿಂದ ಪುನಃ ಹಾಕಿಸಬೇಕಾಗಬಹುದು.

ಯಾರಿಗೆ ಸೂಕ್ತ

1. ಗಾಯವಾಗಿ ಸುಮಾರು 1 ವರ್ಷ ಕಳೆದು, ಕಲೆಯು ಸಮತಟ್ಟಾಗಿ ಬಿಳಿಚಿದ್ದರೆ ಸೂಕ್ತ.
2. ಕೆಂಪಾಗಿರುವ, ತುರಿಸುವ ಅಥವಾ ಬೆಳೆಯುತ್ತಿರುವ ಕಲೆಗೆ ಸೂಕ್ತವಲ್ಲ.
3. ಗಾಯವಾದಲ್ಲಿ ಚರ್ಮ ಗಂಟಾಗಿ ಉಬ್ಬುವ (ಕೀಲಾಯ್ಡ್) ಪ್ರವೃತ್ತಿ ಇರುವವರು ಹಾಕಿಸಿಕೊಳ್ಳಬಾರದು. ಹಚ್ಚೆಯ ಸೂಜಿಯೂ ಗಾಯವೇ ಆಗಿರುತ್ತದೆ.
4. ಸುಟ್ಟ ಚರ್ಮ ಬಿಗಿದು ಕೀಲು ಮಡಿಚಲಾಗದಿದ್ದರೆ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸಾ ತಜ್ಞರನ್ನು ಕಾಣತಕ್ಕದ್ದು.
5. ಮಧುಮೇಹಿಗಳು, ಗರ್ಭಿಣಿಯರು ಮತ್ತು ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು.

ಬಿಸಿಲಿಗೆ ಚರ್ಮ ಕಪ್ಪಾದರೂ ಹಚ್ಚೆಯ ಬಣ್ಣ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಹೊಲದಲ್ಲಿ ದುಡಿಯುವವರಲ್ಲಿ ಕಲೆ ಮತ್ತೆ ಎದ್ದು ಕಾಣುವ ಸಾಧ್ಯತೆ ಇದೆ. ಮೊದಲು ಸಣ್ಣ ಜಾಗದಲ್ಲಿ ಹಾಕಿಸಿ, ಕೆಲವು ವಾರಗಳ ನಂತರ ಫಲಿತಾಂಶ ನೋಡಿ ಮುಂದುವರಿಯುವುದು ಒಳ್ಳೆಯದು. ಬಣ್ಣ ಹೊಂದದಿದ್ದಲ್ಲಿ ಲೇಸರ್‌ನಿಂದ ತೆಗೆಸುವುದು ಸುಲಭವಲ್ಲ. ಟೈಟಾನಿಯಂ ಅಥವಾ ಕಬ್ಬಿಣದ ಅಂಶವಿರುವ ಬಣ್ಣವು ಲೇಸರ್‌ಗೆ ಕಪ್ಪಾಗಬಹುದು.

ಪ್ರಮುಖ ಎಚ್ಚರಿಕೆ

ಬಿಳಿಚಿದ ಮಚ್ಚೆಗಳೆಲ್ಲವೂ ಗಾಯದ ಕಲೆಗಳಲ್ಲ. ಗಾಯವಾದ ನೆನಪಿಲ್ಲದ, ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆಯು ಕುಷ್ಠರೋಗದ ಲಕ್ಷಣವಾಗಿರಬಹುದು. ಅದನ್ನು ಹಚ್ಚೆಯಿಂದ ಮುಚ್ಚಿದರೆ ರೋಗಪತ್ತೆ ತಡವಾಗಿ, ನರಗಳಿಗೆ ಶಾಶ್ವತ ಹಾನಿಯಾಗಬಹುದು. ಕುಷ್ಠರೋಗವು ಬಹು ಔಷಧಿ ಚಿಕಿತ್ಸೆಯಿಂದ ಸಂಪೂರ್ಣ ಗುಣವಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಚಿಕಿತ್ಸೆ ಉಚಿತವಾಗಿದೆ.

ಜಾತ್ರೆ, ಸಂತೆಗಳಲ್ಲಿ ಹಚ್ಚೆ ಹಾಕಿಸಿಕೊಳ್ಳುವುದು ಈ ಭಾಗದ ಹಳೆಯ ವಾಡಿಕೆ. ಆದರೆ ಒಂದೇ ಸೂಜಿಯನ್ನು ಹಲವರಿಗೆ ಬಳಸಿದಲ್ಲಿ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಸೋಂಕು ಹರಡಬಹುದು. ಆದ್ದರಿಂದ ನೋಂದಾಯಿತ ಚಿಕಿತ್ಸಾಲಯದಲ್ಲಿ, ಹೊಸ ಸೂಜಿ ಹಾಗೂ ಹೊಸದಾಗಿ ತೆರೆದ ಬಣ್ಣದಿಂದಲೇ ಹಾಕಿಸಿಕೊಳ್ಳತಕ್ಕದ್ದು. ಹಚ್ಚೆಯ ನಂತರ 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಊತ, ಕೀವು ಅಥವಾ ಜ್ವರ ಕಂಡುಬಂದಲ್ಲಿ ತಕ್ಷಣ ವೈದ್ಯರನ್ನು ಕಾಣಬೇಕು.

ಎಲ್ಲಿ ಸಂಪರ್ಕಿಸಬೇಕು

ಸಾರ್ವಜನಿಕರು ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡು, ಅಗತ್ಯವಿದ್ದಲ್ಲಿ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಬಿಮ್ಸ್) ಚರ್ಮರೋಗ ತಜ್ಞರ ಸಲಹೆ ಪಡೆಯಬಹುದು. ಕಲೆಯನ್ನು ಮರೆಮಾಚುವುದು ಅನಿವಾರ್ಯವಲ್ಲ. ಅದು ಆಯಾ ವ್ಯಕ್ತಿಯ ಸ್ವಇಚ್ಛೆಗೆ ಬಿಟ್ಟ ವಿಷಯ. ಮದುವೆಯ ನೆಪದಲ್ಲಿ ಯಾರನ್ನೂ ಇದಕ್ಕೆ ಒತ್ತಾಯಿಸಬಾರದು.